ಬೇಗಡೆ ಮೈಯ ಮೀನು

ಮೀನಿನ ಮೈಮೇಲಿರುವ ಬೆಳ್ಳಿ ಹೊಳಪು ಮೆರೆಯುವುದಕ್ಕಾಗಿ ಬಂದದ್ದಲ್ಲ, ಮರೆಯಾಗುವುದಕ್ಕಾಗಿ ಬಂದದ್ದು. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ನಿಂತು ಮಂಡಕ್ಕಿ ಎರಚಿದವರೆಲ್ಲ ಇದನ್ನು ಕಂಡಿದ್ದಾರೆ. ಮೇಲಿನಿಂದ ನೋಡುವವರಿಗೆ ಕಾಣುವುದು ನೂರಾರು ಕಪ್ಪು ಬೆನ್ನುಗಳು, ಅವೂ ನೀರಿನ ಬಣ್ಣದಲ್ಲೇ ಅರ್ಧ ಕರಗಿರುತ್ತವೆ. ಮಂಡಕ್ಕಿಗೆ ಮುಗಿಬಿದ್ದು ಒಂದು ಮೀನು ಇನ್ನೊಂದರ ಮೇಲೆ ಹೊರಳಿದಾಗ ಮಾತ್ರ ಪಕ್ಕೆಯ ಬೆಳ್ಳಿ ಫಳ್ಳೆಂದು ಮಿಂಚುತ್ತದೆ. ಮತ್ತೆ ನೆಟ್ಟಗಾದ ಕೂಡಲೇ ಮಿಂಚು ಮಾಯ.

ಬೇಟೆಯಾಡುವ ಮೀನು ಹುಡುಕುವುದು ಈ ಮಿಂಚನ್ನೇ. ನೆಟ್ಟಗೆ ಈಜುವ, ಗಟ್ಟಿಮುಟ್ಟಾದ ಮರಿಮೀನು ನೀರಿನಲ್ಲಿ ಕಾಣುವುದೇ ಕಷ್ಟ. ಗಾಯಗೊಂಡದ್ದು, ಸೋತದ್ದು, ಸಮತೋಲ ತಪ್ಪಿ ವಾಲಿದ್ದು ಮಿಂಚಿ ಸಿಕ್ಕಿಬೀಳುತ್ತದೆ. ಗಾಳಕ್ಕೆ ಕಟ್ಟುವ ಹುಸಿ ಎರೆ, ಅಂದರೆ ಗಾಳ ಹಾಕುವವರು ಲೂರ್ ಎಂದು ಕರೆಯುವ ಲೋಹದ, ಮರದ, ಪ್ಲಾಸ್ಟಿಕ್ಕಿನ ಮೀನು, ನಟಿಸುವುದು ಈ ಎಡವಿದ ಮರಿಯನ್ನು. ಅದರ ಮೈಗೆ ಯಾವ ಲೇಪ ಹಾಕಬೇಕು, ಎಷ್ಟು ಹೊಳೆಯಬೇಕು, ಎಲ್ಲಿ ಹೊಳೆಯಬಾರದು ಎಂಬುದೆಲ್ಲ ಇಲ್ಲಿಂದಲೇ ಹುಟ್ಟುವ ಪ್ರಶ್ನೆಗಳು.

ಮೀನಿನ ಹೊಳಪಿನಲ್ಲಿ ಬೆಳ್ಳಿಯೂ ಇಲ್ಲ, ಬಣ್ಣವೂ ಇಲ್ಲ. ಅಲ್ಲಿರುವುದು ಗ್ವಾನಿನ್ ಎಂಬ ವಸ್ತುವಿನ ಹರಳುಗಳು. ಜೀವಕೋಶದ ಡಿಎನ್‌ಎಯಲ್ಲಿ ಇರುವ ನಾಲ್ಕು ಮೂಲವಸ್ತುಗಳಲ್ಲಿ ಒಂದಾದ ಅದೇ ಗ್ವಾನಿನ್. ಮೀನಿನ ಚರ್ಮದಲ್ಲಿ ಅದು ತೆಳ್ಳನೆಯ ತಗಡಾಗಿ, ವೀಳ್ಯದೆಲೆಯ ಕಟ್ಟಿನಂತೆ ಒಂದರ ಮೇಲೊಂದು ಜೋಡಿಕೊಂಡಿರುತ್ತದೆ. ತಗಡು ತಗಡಿನ ನಡುವೆ ಜೀವರಸದ ಪದರ. ಒಂದೊಂದು ತಗಡಿನ ದಪ್ಪ ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಭಾಗದ ಆಸುಪಾಸು. ಗ್ವಾನಿನ್ ಬೆಳಕನ್ನು ಬಾಗಿಸುವ ಪ್ರಮಾಣ 1.83, ನೀರಿನದು 1.33. ಈ ಅಂತರದಿಂದಾಗಿ ಪ್ರತಿ ಪದರವೂ ಸ್ವಲ್ಪ ಸ್ವಲ್ಪ ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ಪದರಗಳ ದಪ್ಪ ಬೆಳಕಿನ ಅಲೆಯುದ್ದಕ್ಕೆ ಹೊಂದಿಕೊಂಡಿರುವುದರಿಂದ ಹಿಂದಿರುಗಿದ ಅಲೆಗಳೆಲ್ಲ ಒಂದಕ್ಕೊಂದು ಕೂಡಿ ಬಲಗೊಳ್ಳುತ್ತವೆ. ಲೋಹದ ಲವಲೇಶವೂ ಇಲ್ಲದೆ ಕನ್ನಡಿ ಸಿದ್ಧವಾಗುತ್ತದೆ.

ಪದರಗಳಿಂದ ಹುಟ್ಟುವ ಇಂಥ ಬಣ್ಣದ ಬಗ್ಗೆ ಬೆಂಗಳೂರಿನಲ್ಲಿ ಕುಳಿತು ತಲೆ ಕೆಡಿಸಿಕೊಂಡವರಲ್ಲಿ ಸಿ.ವಿ. ರಾಮನ್ ಪ್ರಮುಖರು. 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಮೇಲೆ ಅವರು ಚಿಪ್ಪುಗಳ ಒಳಮೈಯ ಕಾಮನಬಿಲ್ಲಿನ ಬಣ್ಣ, ಹಕ್ಕಿಯ ಗರಿಗಳ ಮಿರುಗು ಇವುಗಳನ್ನು ಬಿಡದೆ ಅಭ್ಯಾಸ ಮಾಡಿದರು. ಮೀನಿನ ಕನ್ನಡಿಯ ಗುಟ್ಟನ್ನು ವಿವರವಾಗಿ ಬಿಡಿಸಿದವರು ಇಂಗ್ಲೆಂಡಿನ ಪ್ಲಿಮತ್‌ನ ಸಾಗರ ಪ್ರಯೋಗಾಲಯದಲ್ಲಿದ್ದ ಎರಿಕ್ ಡೆಂಟನ್. 1960ರ ದಶಕದಲ್ಲಿ ಅವರು ಕಂಡುಕೊಂಡದ್ದು ಇಷ್ಟು: ಮೀನಿನ ಪಕ್ಕೆ ದುಂಡಗಿದ್ದರೂ ಅದರೊಳಗಿನ ಗ್ವಾನಿನ್ ತಗಡುಗಳು ಬಹುಪಾಲು ನೀರಿನ ಮೇಲ್ಮೈಗೆ ಲಂಬವಾಗಿ ನಿಂತಿರುತ್ತವೆ. ನೀರಿನೊಳಗೆ ಬೆಳಕು ಚೆದುರಿ, ಮೇಲಿನಿಂದ ಹೆಚ್ಚು, ಪಕ್ಕದಿಂದ ಮಧ್ಯಮ, ಕೆಳಗಿನಿಂದ ಕಡಿಮೆ ಎಂಬ ಒಂದು ಕ್ರಮದಲ್ಲಿ ಹರಡಿರುತ್ತದೆ. ಅಂಥ ಬೆಳಕಿನಲ್ಲಿ ನೆಟ್ಟಗೆ ನಿಲ್ಲಿಸಿದ ಕನ್ನಡಿ ತನ್ನ ಹಿಂದಿರುವ ನೀರಿನಷ್ಟೇ ಬೆಳಕನ್ನು ತೋರಿಸುತ್ತದೆ. ಹಾಗಾಗಿ ಕಣ್ಣಿಗೆ ಕನ್ನಡಿ ಕಾಣುವುದಿಲ್ಲ, ನೀರು ಕಾಣುತ್ತದೆ. 2012ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದವರು ಯುರೋಪಿನ ಸಮುದ್ರದ ಬೂತಾಯಿ ಜಾತಿಯ ಮೀನಿನಲ್ಲಿ ಇನ್ನೂ ಒಂದು ಜಾಣತನ ಕಂಡರು. ಅಲ್ಲಿ ಎರಡು ಬಗೆಯ ಗ್ವಾನಿನ್ ಹರಳುಗಳು ಬೆರೆತಿದ್ದು, ಯಾವ ಕೋನದಿಂದ ಬಿದ್ದ ಬೆಳಕೂ ಕುಂದದೆ ಹಿಂದಿರುಗುತ್ತದೆ.

ಲೂರ್ ಮಾಡುವವರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಸಂಗತಿ ಇದು. ಕನ್ನಡಿಯಂಥ ಲೇಪ ಎಲ್ಲ ನೀರಿನಲ್ಲೂ ಹೊಳೆಯುವುದಿಲ್ಲ. ಬೆಳಕು ಎಲ್ಲ ಕಡೆಯಿಂದ ಚೆದುರಿ ಬರುವ ನೀರಿನಲ್ಲಿ ಅದು ಲೂರನ್ನು ಬಚ್ಚಿಟ್ಟುಬಿಡುತ್ತದೆ. ನೇರ ಬಿಸಿಲಿನ ಕೋಲು ಒಳಗಿಳಿಯುವ ತಿಳಿನೀರಿನಲ್ಲಿ ಮಾತ್ರ ಅದು ಮಿಂಚುತ್ತದೆ, ಅದೂ ಓಲಾಡಿದಾಗ.

ಈ ಮಾತನ್ನು ಆಂಧ್ರದ ಹಿಂದೂಪುರ, ಕಲ್ಯಾಣದುರ್ಗದ ಕೆರೆಗಳ ದಂಡೆಯಲ್ಲಿ ನಿಂತು ಯೋಚಿಸಿದರೆ ಅದರ ಬೆಲೆ ಗೊತ್ತಾಗುತ್ತದೆ. 2022ರ ಏಪ್ರಿಲ್‌ನಿಂದ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ, ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿದಿದೆ. ಎರಡೂ ಕಡೆ ಕರ್ನಾಟಕದ ಗಡಿ ಹತ್ತಿರ, ಸಂತೆಯಲ್ಲಿ ಕನ್ನಡ ತೆಲುಗು ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ. ಮಳೆ ವರ್ಷಕ್ಕೆ ಸುಮಾರು 550 ಮಿಲಿಮೀಟರ್. ನಂದಿಬೆಟ್ಟದ ಸಾಲಿನಲ್ಲಿ ಹುಟ್ಟಿ ಗೌರಿಬಿದನೂರು ದಾಟಿ ಹಿಂದೂಪುರದ ಕಡೆ ಇಳಿಯುವ ಪೆನ್ನಾ ನದಿ ವರ್ಷದ ಬಹುಭಾಗ ಮರಳಿನ ಹಾದಿ. ಇಲ್ಲಿ ಮೀನೆಂದರೆ ಕೆರೆಯ ಮೀನು. ಕಲ್ಯಾಣದುರ್ಗ, ರಾಯದುರ್ಗ ಸೀಮೆಯಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟಿದ ಭೈರವಾನಿ ತಿಪ್ಪ ಜಲಾಶಯವಿದೆ. ಅದೇ ನದಿಯ ಮೇಲ್ಗಡೆ, ಚಿತ್ರದುರ್ಗ ಜಿಲ್ಲೆಯಲ್ಲಿ, 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರ. ಅದು 1933ರ ನಂತರ ಕೋಡಿ ಬಿದ್ದದ್ದು 2022ರಲ್ಲಿ. ಮೇಲೆ ಕೋಡಿ ಬೀಳದೆ ಕೆಳಗಿನ ವೇದಾವತಿಯಲ್ಲಿ ದೊಡ್ಡ ಹರಿವು ಕಾಣುವುದು ಅಪರೂಪ. ಇತ್ತ ಶ್ರೀಶೈಲದ ಹಿನ್ನೀರಿನಿಂದ ಎತ್ತಿ ತಂದ ಕೃಷ್ಣೆಯ ನೀರು ಹಂದ್ರಿ-ನೀವಾ ಕಾಲುವೆಯಲ್ಲಿ 2012ಕ್ಕೆ ಜೀಡಿಪಲ್ಲಿಗೂ, 2016ರ ಕೊನೆಗೆ ಪೆನುಕೊಂಡದ ಬಳಿಯ ಗೊಲ್ಲಪಲ್ಲಿ ಜಲಾಶಯಕ್ಕೂ ಮುಟ್ಟಿತು. ಬತ್ತುವುದನ್ನೇ ರೂಢಿ ಮಾಡಿಕೊಂಡಿದ್ದ ಸೀಮೆಯಲ್ಲಿ ನೀರು ನಿಂತರೆ ಅದರ ಹಿಂದೆಯೇ ಮೀನೂ, ಗಾಳವೂ ಬರುತ್ತವೆ.

ಆದರೆ ಆ ನೀರು ಒಂದೇ ಬಣ್ಣದ್ದಲ್ಲ. ಮುಂಗಾರಿನ ಮೊದಲ ಹರಿವು ಕೆಮ್ಮಣ್ಣನ್ನು ಹೊತ್ತು ತರುತ್ತದೆ. ಕೆರೆ ವಾರಗಟ್ಟಲೆ ಕಲಕಿದ ಕೆಂಪಾಗಿಯೇ ಇರುತ್ತದೆ. ಕಾರ್ತಿಕದ ಹೊತ್ತಿಗೆ ಮಣ್ಣು ತಳ ಸೇರಿ ನೀರು ತಿಳಿಯಾಗುತ್ತದೆ. ಬೇಸಿಗೆಯಲ್ಲಿ ನೀರು ಇಳಿದು ಪಾಚಿ ಬೆಳೆದು ಹಸಿರಾಗುತ್ತದೆ. ತಿಳಿನೀರು ಮೊದಲು ಕೆಂಪು ಬೆಳಕನ್ನು ಕುಡಿಯುತ್ತದೆ, ನೀಲಿ ಎಲ್ಲಕ್ಕಿಂತ ಆಳಕ್ಕೆ ಹೋಗುತ್ತದೆ. ಮಣ್ಣು, ಪಾಚಿ ಬೆರೆತ ನೀರಿನಲ್ಲಿ ಲೆಕ್ಕ ತಿರುಗಿ, ನೀಲಿ ಮೊದಲು ಸಾಯುತ್ತದೆ, ಹಸಿರು, ಹಳದಿ, ಕೆಂಪಿನ ಕಡೆಯ ಬೆಳಕು ಉಳಿಯುತ್ತದೆ.

ಗಾಳಗಾರರಲ್ಲಿ ಒಂದು ಹಳೆಯ ನಂಬಿಕೆ ಇದೆ: ತಿಳಿನೀರಿಗೆ ಬೆಳ್ಳಿ, ಕಲಕಿದ ನೀರಿಗೆ ಬಂಗಾರ ಅಥವಾ ತಾಮ್ರ. ಇದನ್ನು ಪ್ರಪಂಚದ ಎಲ್ಲ ಕಡೆಯ ಅಂಗಡಿಯವರೂ ಹೇಳುತ್ತಾರೆ. ಇದಕ್ಕೆ ಕಾರಣ ಬಂಗಾರ ಹೆಚ್ಚು ಹೊಳೆಯುತ್ತದೆ ಎಂಬುದು ಮಾತ್ರ ಸರಿಯಲ್ಲ. ಬಂಗಾರ, ತಾಮ್ರಗಳು ಹಳದಿ ಕೆಂಪನ್ನು ಹಿಂದಿರುಗಿಸಿ ನೀಲಿಯನ್ನು ನುಂಗುತ್ತವೆ. ಬೆಳ್ಳಿ ಮತ್ತು ಅಲ್ಯುಮಿನಿಯಮ್ ಎಲ್ಲವನ್ನೂ ಹಿಂದಿರುಗಿಸುತ್ತವೆ. ನೀರಿನಲ್ಲಿ ಹಳದಿ ಬೆಳಕು ಮಾತ್ರ ಉಳಿದಿದ್ದರೆ ಬೆಳ್ಳಿಯೂ ಹಳದಿಯಾಗಿಯೇ ಹೊಳೆಯುತ್ತದೆ, ಬಂಗಾರಕ್ಕಿಂತ ಕಡಿಮೆಯೇನಲ್ಲ. ಬಂಗಾರದ ಬಣ್ಣ ಗೆಲ್ಲುವುದು ಬೇರೆ ಕಡೆ. ಪಾಚಿಯ ಹಸಿರು ನೀರಿನಲ್ಲಿ ಬೆಳ್ಳಿ ಕನ್ನಡಿ ಹಸಿರನ್ನೇ ತೋರಿಸಿ ಕರಗಿಹೋಗುತ್ತದೆ. ತಾಮ್ರ ಹಸಿರನ್ನು ಅರ್ಧ ನುಂಗಿ ಬೇರೆ ಬಣ್ಣವಾಗಿ ಎದ್ದು ನಿಲ್ಲುತ್ತದೆ. ಕನ್ನಡಿಯಾಗಿ ಸ್ವಲ್ಪ ಕೆಟ್ಟದ್ದಾಗಿರುವುದೇ ಅದರ ಗುಣ. ಇನ್ನು ಕೆಮ್ಮಣ್ಣಿನ ನೀರಿನಲ್ಲಿ ಯಾವ ಲೋಹದ ಹೊಳಪೂ ಹೆಚ್ಚು ದೂರ ಸಾಗದು. ಅಲ್ಲಿ ಕಪ್ಪು, ಸುಣ್ಣದ ಬಿಳಿ, ಅಥವಾ ಗಿಡ್ಡ ಅಲೆಯ ಬೆಳಕನ್ನು ಹೀರಿ ಹಳದಿ ಹಸಿರಾಗಿ ಉಗುಳುವ ಫ್ಲೋರೊಸೆಂಟ್ ಬಣ್ಣ ಮೇಲು. ನೀರಿನ ನಡುಕವನ್ನು ಮೀನು ಮೈಯುದ್ದದ ಪಕ್ಕೆಗೆರೆಯಿಂದಲೇ ಅರಿಯುವುದರಿಂದ, ಜೋರಾಗಿ ನಡುಗುವ ಲೂರ್ ಕಾಣದಿದ್ದರೂ ತಿಳಿಯುತ್ತದೆ.

ಯಾವ ಮೀನಿಗೆ ಎಂಬುದನ್ನೂ ಕೇಳಬೇಕು. ಕೆರೆಗಳಿಗೆ ಬಿತ್ತುವ ಕಾಟ್ಲಾ, ರೋಹು, ಮೃಗಾಲ್ ಮೀನುಗಳು ಹೊಳೆಯುವುದನ್ನು ಅಟ್ಟಿಸಿಕೊಂಡು ಹೋಗುವ ಜಾತಿಯವಲ್ಲ. ಅವುಗಳಿಗೆ ಹಿಟ್ಟಿನ ಉಂಡೆಯೇ ಸರಿ. ಲೂರಿಗೆ ಎರಗುವುದು ಬೇಟೆಗಾರರು: ಜೊಂಡಿನ ಬುಡದಲ್ಲಿ ಹೊಂಚುಹಾಕುವ ಕೊರಮೀನು, ದೊಡ್ಡ ಬಾಯಿಯ ಬಾಳೆಮೀನು. ಕೊರಮೀನು ಕಣ್ಣಿನಿಂದ ಬೇಟೆಯಾಡುತ್ತದೆ. ಬಾಳೆಮೀನಿಗೆ ಮೀಸೆಯ ರುಚಿಯೂ ಬೇಕು, ಕತ್ತಲೂ ಬೇಕು. ಅದಕ್ಕೆ ಹೊಳಪಿಗಿಂತ ನಡುಕ ಮುಖ್ಯ.

ಕೆರೆಯ ಗಾಳದ ಬಗ್ಗೆ ಬರೆದ ಹಳೆಯ ಪುಸ್ತಕವೊಂದಕ್ಕೆ ಕನ್ನಡನಾಡಿನ ನಂಟು ಇದೆ, ಅದನ್ನು ಹೇಳದೆ ಮುಂದೆ ಹೋಗುವುದು ಅನ್ಯಾಯ. ಹೆನ್ರಿ ಸಲಿವನ್ ಥಾಮಸ್ ಮದ್ರಾಸ್ ಪ್ರಾಂತದ ಅಧಿಕಾರಿ, ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದವರು. ಜಿಲ್ಲೆಯ ಮೀನು ಸಾಕಣೆಯ ಬಗ್ಗೆ ಅವರ ವರದಿ 1870ರಲ್ಲಿ ಬಂತು. ಭಾರತದ ಗಾಳಗಾರರು ದಶಕಗಟ್ಟಲೆ ಕೈಬಿಡದ ‘ದ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಆಮೇಲೆ 1887ರಲ್ಲಿ ‘ಟ್ಯಾಂಕ್ ಆಂಗ್ಲಿಂಗ್ ಇನ್ ಇಂಡಿಯಾ’ ಎಂದು ಕೆರೆಗಳಿಗೇ ಮೀಸಲಾದ ಪುಸ್ತಕ ಬರೆದರು. ಅನಂತಪುರ ಜಿಲ್ಲೆ ಬಳ್ಳಾರಿಯಿಂದ ಬೇರೆಯಾಗಿ ಆಗಿನ್ನೂ ಐದು ವರ್ಷ. ಬಯಲುಸೀಮೆಯ ಕೆರೆಯೂ ಗಾಳಕ್ಕೆ ಯೋಗ್ಯವೆಂದು ಒಬ್ಬ ಅಧಿಕಾರಿ ಪುಸ್ತಕವನ್ನೇ ಬರೆದದ್ದು ಸಣ್ಣ ಮಾತಲ್ಲ.

ಆ ಕಾಲದ ಹೊಳೆಯುವ ಲೂರ್ ಎಂದರೆ ಚಮಚ, ಸ್ಪೂನ್. ಅದರ ಕತೆ ಅಮೆರಿಕದ ವರ್ಮಾಂಟಿನದು. ಜೂಲಿಯೊ ಬ್ಯುಯೆಲ್ ಎಂಬಾತ ದೋಣಿಯಲ್ಲಿ ಊಟ ಮಾಡುವಾಗ ಕೈಜಾರಿದ ಚಮಚ ತಿರುಗುತ್ತ ಮಿರುಗುತ್ತ ಮುಳುಗಿತಂತೆ, ದೊಡ್ಡ ಮೀನೊಂದು ಅದನ್ನು ನುಂಗಿತಂತೆ. ಕತೆ ನಿಜವೋ ಕಟ್ಟಿದ್ದೋ, 1852ರಲ್ಲಿ ಅವನ ಹೆಸರಿಗೆ ಪೇಟೆಂಟ್ ಸಿಕ್ಕಿದ್ದು ನಿಜ. ಹಿಡಿ ಕತ್ತರಿಸಿದ ಚಮಚದ ಬಟ್ಟಲು, ಒಂದು ತುದಿಗೆ ದಾರ, ಇನ್ನೊಂದು ತುದಿಗೆ ಗಾಳ. ಎಳೆದರೆ ಗುಳಿ ಮತ್ತು ಉಬ್ಬಿನ ಮೇಲೆ ನೀರು ಒತ್ತಿ ಅದು ಅತ್ತಿತ್ತ ಓಲಾಡುತ್ತದೆ, ಓಲಾಡಿದಾಗಲೆಲ್ಲ ಮಿಂಚುತ್ತದೆ. ಈ ಚಮಚವನ್ನೇ ಬ್ರಿಟಿಷರು ಕಾವೇರಿಗೆ ತಂದು ಮಹಶೀರ್ ಮೀನು ಹಿಡಿದರು. ಮೈಸೂರಿನಲ್ಲಿ ಹುಲಿ ಚಿರತೆಗಳ ಚರ್ಮಕ್ಕೆ ಮತ್ತೆ ಜೀವಂತ ರೂಪ ಕೊಟ್ಟು ಹೆಸರಾದ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ 120 ಪೌಂಡಿನ, ಅಂದರೆ ಸುಮಾರು 54 ಕಿಲೋ ತೂಕದ ಮಹಶೀರನ್ನು ಗಾಳದಲ್ಲಿ ಎಳೆದರು. ಆ ಗೂನುಬೆನ್ನಿನ ಮಹಶೀರಿಗೆ ವಿಜ್ಞಾನ ಸರಿಯಾದ ಹೆಸರು ಹೊಂದಿಸಿದ್ದು 2018ರಲ್ಲಿ. ಅಳಿವಿನ ಅಂಚಿನಲ್ಲಿರುವ ಜೀವಿ ಎಂದು ಘೋಷಣೆಯಾದದ್ದೂ ಅದೇ ವರ್ಷ. ಇಷ್ಟು ದೊಡ್ಡ ಮೀನು ಹೆಸರು ಪಡೆಯುವ ಹೊತ್ತಿಗೆ ಇಲ್ಲವಾಗುತ್ತಿತ್ತು ಎಂಬುದು ನೋವಿನ ಸಂಗತಿ.

ಚಮಚ ಮಾಡುವುದು ಕಷ್ಟದ ಕೆಲಸವಲ್ಲ. ಪಾತ್ರೆ ಅಂಗಡಿಯ ಸ್ಟೀಲ್ ಚಮಚದ ಹಿಡಿಯನ್ನು ಗರಗಸದಿಂದ ಕತ್ತರಿಸಿ, ಅಂಚನ್ನು ಅರದಿಂದ ಉಜ್ಜಿ, ಎರಡೂ ತುದಿಗೆ ತೂತು ಕೊರೆದರೆ ಮುಕ್ಕಾಲು ಕೆಲಸ ಮುಗಿಯಿತು. ಹಿತ್ತಾಳೆ ತಗಡಿನಿಂದ ಮಾಡುವವರು ಮರದ ದಿಮ್ಮಿಯಲ್ಲಿ ಗುಳಿ ತೋಡಿ ಅದರ ಮೇಲೆ ತಗಡನ್ನಿಟ್ಟು ಬಡಿದು ಬಾಗಿಸುತ್ತಾರೆ. ಹಿತ್ತಾಳೆಗೆ ಹೊಳಪು ಬರಿಸಲು ಮನೆಯ ಹುಣಸೆಹಣ್ಣೇ ಸಾಕು. ಕಿಲುಬು ಮತ್ತೆ ಏರದಂತೆ ತೆಳ್ಳಗೆ ಪಾರದರ್ಶಕ ಲ್ಯಾಕರ್ ಹಚ್ಚಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ. ನುಣ್ಣಗೆ ಕನ್ನಡಿಯಂತೆ ಉಜ್ಜಿದ ಚಮಚ ಒಂದೇ ದಿಕ್ಕಿಗೆ ಒಂದು ದೊಡ್ಡ ಮಿಂಚು ಬಿಡುತ್ತದೆ. ಅದೇ ಚಮಚದ ಬೆನ್ನಿಗೆ ಸಣ್ಣ ಸುತ್ತಿಗೆಯಿಂದ ಚಿಕ್ಕ ಚಿಕ್ಕ ಗುಳಿ ಹೊಡೆದರೆ ಪ್ರತಿ ಗುಳಿಯೂ ಬೇರೆ ಬೇರೆ ಕಡೆಗೆ ಮಿಂಚುತ್ತದೆ. ಮೀನು ಯಾವ ಮಗ್ಗುಲಲ್ಲಿದ್ದರೂ ಒಂದಾದರೂ ಮಿಂಚು ಅದರ ಕಣ್ಣಿಗೆ ಬೀಳುತ್ತದೆ. ಬಡಿದ ತಗಡಿನ ಚಮಚಗಳು ಇಂದಿಗೂ ಮಾರಾಟವಾಗುವುದು ಅಂದಕ್ಕಾಗಿ ಮಾತ್ರವಲ್ಲ.

ಲೋಹದಿಂದ ಮರಕ್ಕೆ ಬಂದದ್ದು ಇನ್ನೊಂದು ಹೆಜ್ಜೆ. 1936ರಲ್ಲಿ ಫಿನ್ಲೆಂಡಿನ ಬಡ ಮೀನುಗಾರ ಲೌರಿ ರಾಪಾಲಾ ಕಾರ್ಕನ್ನು ಚಾಕುವಿನಿಂದ ಕೆತ್ತಿ ಮರಿಮೀನಿನ ಆಕಾರ ಕೊಟ್ಟ. ಹೊಳಪಿಗೆ ಚಾಕೊಲೇಟ್ ಸುತ್ತಿ ಬರುವ ಬೇಗಡೆ ಹಾಳೆ ಅಂಟಿಸಿದ. ಅದರ ಮೇಲೆ ನೀರು ತಾಕದಂತೆ, ಫೋಟೊ ನೆಗೆಟಿವ್‌ಗಳನ್ನು ಕರಗಿಸಿದ ದ್ರವ ಬಳಿದ. ಇವತ್ತಿನ ದೊಡ್ಡ ಕಂಪನಿಯ ಮೊದಲ ಮೂಲಧನ ಅಷ್ಟೆ. ಅವನ ಲೂರಿನ ಗೆಲುವಿಗೆ ಬೇಗಡೆಯೊಂದೇ ಕಾರಣವಲ್ಲ. ಗಾಯಗೊಂಡ ಮರಿ ಹೇಗೆ ಸ್ವಲ್ಪ ಓರೆಯಾಗಿ ಈಜುತ್ತದೆ ಎಂಬುದನ್ನು ಅವನು ನೋಡಿ ನೋಡಿ ಕಲಿತಿದ್ದ. ಹೊಳಪೂ ಓರೆಯೂ ಸೇರಿದಾಗ ಮಾತ್ರ ನಟನೆ ಪೂರ್ಣವಾಗುತ್ತದೆ.

ರಾಪಾಲಾನ ದಾರಿಯನ್ನು ಹಿಂದೂಪುರದಂಥ ಊರಿನ ಪೇಟೆಯಲ್ಲೇ ಸಾಮಾನು ಕೊಂಡು ಅನುಸರಿಸಬಹುದು. ಮರಕ್ಕೆ ಹಗುರವಾದದ್ದು ಬೇಕು. ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಹಾಲೆಮರ ನಯವಾಗಿ ಕೆತ್ತನೆಗೆ ಬಗ್ಗುತ್ತದೆ, ಆದರೆ ಕಾರ್ಕಿನಷ್ಟು ತೇಲುವುದಿಲ್ಲ; ನಿಧಾನಕ್ಕೆ ಮುಳುಗುವ ಲೂರಿಗೆ ಅದು ಒಳ್ಳೆಯದು. ಬೆರಳುದ್ದದ ತುಂಡನ್ನು ಮೀನಿನಂತೆ ಕೆತ್ತಿ, ಹೊಟ್ಟೆಯ ಉದ್ದಕ್ಕೂ ಗರಗಸದಿಂದ ಸೀಳು ಹಾಕಿ, ಮೂಗಿನಿಂದ ಬಾಲದವರೆಗೆ ಒಂದೇ ಸ್ಟೇನ್‌ಲೆಸ್ ತಂತಿ ಹಾಯಿಸಬೇಕು. ಗಾಳಗಳ ಬಳೆ ಕೂರುವುದು ಈ ತಂತಿಯ ಕುಣಿಕೆಗಳಿಗೆ. ಮರವನ್ನೇ ನಂಬಿ ಕೊಕ್ಕೆ ತಿರುಗಿಸಿದರೆ ದೊಡ್ಡ ಮೀನು ಕಿತ್ತುಕೊಂಡು ಹೋಗುತ್ತದೆ. ಹೊಟ್ಟೆಗೆ ಭಾರ ತುಂಬಬೇಕು. ಸೀಸ ಅಗ್ಗ, ಆದರೆ ಅದು ವಿಷ. ದಾರ ತುಂಡಾಗಿ ಲೂರ್ ಕೆರೆಯ ತಳ ಸೇರಿದರೆ ಅಲ್ಲೇ ಉಳಿಯುತ್ತದೆ. ಸೈಕಲ್ ಅಂಗಡಿಯ ಉಕ್ಕಿನ ಗುಂಡು ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ.

ಇನ್ನು ಹೊಳಪು. ಎ.ಸಿ. ಕೊಳವೆಗಳಿಗೆ ಸುತ್ತುವ ಅಲ್ಯುಮಿನಿಯಮ್ ಅಂಟುಪಟ್ಟಿ ಇದಕ್ಕೆ ಹೇಳಿ ಮಾಡಿಸಿದ ವಸ್ತು. ಅಲ್ಯುಮಿನಿಯಮ್ ತನ್ನ ಮೇಲೆ ಬಿದ್ದ ಬೆಳಕಿನ ಸುಮಾರು ಶೇಕಡಾ 90ರಷ್ಟನ್ನು ಹಿಂದಿರುಗಿಸುತ್ತದೆ, ಬೆಳ್ಳಿಗಿಂತ ಸ್ವಲ್ಪ ಕಡಿಮೆ. ಮನುಷ್ಯನಿಗೆ ಕಾಣದ ಅತಿನೇರಳೆ ಬೆಳಕನ್ನು ಹಿಂದಿರುಗಿಸುವುದರಲ್ಲಿ ಮಾತ್ರ ಬೆಳ್ಳಿಯನ್ನೂ ಮೀರಿಸುತ್ತದೆ. ಗೋಲ್ಡ್‌ಫಿಶ್‌ನಂಥ ಮೀನುಗಳ ಕಣ್ಣಿಗೆ ಅತಿನೇರಳೆಯೂ ಕಾಣುತ್ತದೆ ಎಂಬುದು ಚೆನ್ನಾಗಿ ತಿಳಿದ ಸಂಗತಿ. ಪಟ್ಟಿಯನ್ನು ಹಾಗೆಯೇ ಅಂಟಿಸಬಾರದು. ಮೊದಲು ಸಣ್ಣ ಕಣ್ಣಿನ ತಂತಿಬಲೆಯ ಮೇಲಿಟ್ಟು ಬೆರಳಿನಿಂದ ಒತ್ತಿದರೆ ಹುರುಪೆಯ ಗುರುತು ಮೂಡುತ್ತದೆ, ಮಿಂಚು ಒಡೆದು ನೂರಾಗುತ್ತದೆ. ಆಮೇಲೆ ಪಕ್ಕೆಯ ಅಳತೆಗೆ ಕತ್ತರಿಸಿ, ಮಧ್ಯದಿಂದ ಅಂಚಿನ ಕಡೆಗೆ ಚಮಚದ ಬೆನ್ನಿನಿಂದ ತೀಡುತ್ತ ಅಂಟಿಸಬೇಕು. ದುಂಡು ಬೆನ್ನಿನ ಮೇಲೆ ಹಾಳೆ ಸುಕ್ಕಾಗುವುದು ಖಂಡಿತ. ಆದ್ದರಿಂದ ಬೆನ್ನಿಗೆ ಬೇಗಡೆ ಬೇಡ. ಬೆನ್ನಿಗೆ ಕಡುಹಸಿರೋ ಕಪ್ಪೋ ಬಣ್ಣ, ಹೊಟ್ಟೆಗೆ ಬಿಳಿ. ನಿಜವಾದ ಮೀನೂ ಹಾಗೆಯೇ ಇರುತ್ತದೆ. ಕಣ್ಣನ್ನು ದೊಡ್ಡದಾಗಿಯೇ ಬಿಡಿಸುವುದು ವಾಡಿಕೆ.

ಬೆನ್ನಿನ ಬಣ್ಣ ಹಾಕುವಾಗ ಸೊಳ್ಳೆಪರದೆಯ ತುಂಡನ್ನು ಬಿಗಿಯಾಗಿ ಸುತ್ತಿ ಮೇಲಿನಿಂದ ಸ್ಪ್ರೇ ಮಾಡಿದರೆ, ಪರದೆ ತೆಗೆದ ಮೇಲೆ ಸಾಲು ಸಾಲು ಹುರುಪೆ ಉಳಿಯುತ್ತದೆ. ಈ ಉಪಾಯವನ್ನು ವ್ಯಾಪಾರಕ್ಕೆ ತಂದು ಹೆಸರು ಮಾಡಿದ್ದು ಅಮೆರಿಕದ ಇಂಡಿಯಾನಾದ ಗ್ಯಾರೆಟ್ ಊರಿನ ಕ್ರೀಕ್ ಚಬ್ ಕಂಪನಿ, ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ. 1932ರಲ್ಲಿ ಜಾರ್ಜಿಯಾದ ಜಾರ್ಜ್ ಪೆರಿ 22 ಪೌಂಡ್ 4 ಔನ್ಸ್ ತೂಕದ ಬಾಸ್ ಮೀನು ಹಿಡಿದು ವಿಶ್ವದಾಖಲೆ ಮಾಡಿದಾಗ ಅವನ ದಾರದ ತುದಿಯಲ್ಲಿ ಇದ್ದದ್ದು ಈ ಕಂಪನಿಯ ಲೂರೇ.

ಕೊನೆಯದು ಎಪಾಕ್ಸಿ. ಎರಡು ಡಬ್ಬಿಯ ದ್ರವಗಳನ್ನು ಸರಿಯಾದ ಅಳತೆಯಲ್ಲಿ ಬೆರೆಸಿ ಹಚ್ಚಿದರೆ ಗಾಜಿನಂಥ ಕವಚ ಕೂರುತ್ತದೆ. ಹಚ್ಚಿದ ಮೇಲೆ ಲೂರನ್ನು ತೂಗುಹಾಕಿ ಬಿಟ್ಟರೆ ದ್ರವವೆಲ್ಲ ಬಾಲಕ್ಕೆ ಇಳಿದು ಹನಿಗಟ್ಟುತ್ತದೆ. ಗಟ್ಟಿಯಾಗುವವರೆಗೂ ನಿಧಾನವಾಗಿ ತಿರುಗಿಸುತ್ತಲೇ ಇರಬೇಕು. ಪೂರ್ತಿ ಒಣಗಲು ಒಂದು ದಿನ ಬೇಕು. ಅನಂತಪುರದ ಬಿಸಿಲಿನಲ್ಲಿ ಬಿಟ್ಟರೆ ಎಪಾಕ್ಸಿ ಕಾಲಕ್ರಮೇಣ ಹಳದಿಗೆ ತಿರುಗುತ್ತದೆ. ಅಡಿಯ ಬೆಳ್ಳಿ ಬಂಗಾರದಂತೆ ಕಾಣತೊಡಗುತ್ತದೆ. ಎಪಾಕ್ಸಿ ಹಸಿಯಿದ್ದಾಗ ಚರ್ಮಕ್ಕೆ ತಾಗಿದರೆ ಕೆಲವರಿಗೆ ತುರಿಕೆ, ದದ್ದು ಏಳುತ್ತದೆ. ಕೈಗವಸು ಹಾಕಿಕೊಂಡು, ಗಾಳಿಯಾಡುವ ಕಡೆ ಕೂತು ಈ ಕೆಲಸ ಮಾಡುವುದು ಲೇಸು.

ಈ ಸೀಮೆಗೆ ತೀರ ಹತ್ತಿರವಾದ ಹೊಳಪಿನ ವಸ್ತುವೊಂದಿದೆ, ಜರಿ. ಹಿಂದೂಪುರದ ರೇಷ್ಮೆಗೂಡಿನ ಮಾರುಕಟ್ಟೆ, ಧರ್ಮಾವರದ ಪಟ್ಟೆ ಸೀರೆ ಎರಡೂ ಹೆಸರುವಾಸಿ. ಸೀರೆಯ ಸೆರಗಿನಲ್ಲಿ ಮಿಂಚುವ ಅಸಲಿ ಜರಿ ಹೇಗಾಗುತ್ತದೆ ಎಂದರೆ, ಬೆಳ್ಳಿ ತಂತಿಯನ್ನು ಎಳೆದು ಎಳೆದು ಕೂದಲಿನಷ್ಟು ಸಣ್ಣಗೆ ಮಾಡಿ, ಚಪ್ಪಟೆಯಾಗಿಸಿ, ರೇಷ್ಮೆ ಎಳೆಯ ಸುತ್ತ ಸುತ್ತಿ, ಮೇಲೆ ಚಿನ್ನದ ಲೇಪ ಕೊಡುತ್ತಾರೆ. ಈಗ ಬ್ರಿಟನ್ನಿನ ಹತ್ತೊಂಬತ್ತನೆಯ ಶತಮಾನದ ಸಾಮನ್ ಗಾಳವನ್ನು ನೋಡಿ. ಹಕ್ಕಿಯ ಗರಿ ಕಟ್ಟಿ ಹುಳುವಿನಂತೆ ಮಾಡಿದ ಆ ಗಾಳದ ಮೈಗೆ ಸುತ್ತುತ್ತಿದ್ದ ಟಿನ್ಸೆಲ್ ಕೂಡ ದಾರದ ಸುತ್ತ ಚಪ್ಪಟೆ ಲೋಹದ ತಂತಿ ಸುತ್ತಿದ್ದೇ. ಮದುಮಗಳ ಸೆರಗಿಗೂ ಸ್ಕಾಟ್ಲೆಂಡಿನ ಹೊಳೆಯ ಮೀನಿಗೂ ಒಂದೇ ಕಸುಬು. ಎರಡರ ಕಷ್ಟವೂ ಒಂದೇ ಆಗಿತ್ತು: ಬೆಳ್ಳಿ ಗಾಳಿಗೆ, ನೀರಿಗೆ ಕಪ್ಪಾಗುತ್ತದೆ. ಎರಡಕ್ಕೂ ಸಿಕ್ಕ ಪರಿಹಾರವೂ ಒಂದೇ. 1940ರ ದಶಕದಲ್ಲಿ ಅಮೆರಿಕದಲ್ಲಿ ಅಲ್ಯುಮಿನಿಯಮ್ ಹಾಳೆಯನ್ನು ಪಾರದರ್ಶಕ ಪದರಗಳ ನಡುವೆ ಇಟ್ಟು ಎಳೆಯಾಗಿ ಸೀಳಿದ ಲೂರೆಕ್ಸ್ ಎಂಬ ನೂಲು ಬಂತು. ಮುಂದೆ ಪಾಲಿಯೆಸ್ಟರ್ ಹಾಳೆಗೆ ಲೋಹ ಲೇಪಿಸಿದ ಎಳೆಗಳು ಬಂದು ಅಗ್ಗದ ಸೀರೆಯ ಜರಿಯೂ, ಗಾಳದ ಟಿನ್ಸೆಲ್ಲೂ ಅವೇ ಆದವು. ಹಾಗಾಗಿ ಮಗ್ಗದ ಮನೆಯಲ್ಲಿ ಕತ್ತರಿಸಿ ಉಳಿದ ಪಾಲಿಯೆಸ್ಟರ್ ಜರಿಯ ನಾಲ್ಕೆಳೆ ಗಾಳದ ಕುತ್ತಿಗೆಗೆ ಕಟ್ಟಿದರೆ ಅದು ಹೊರದೇಶದಿಂದ ತರಿಸಿದ ಎಳೆಗೆ ಸಾಟಿಯಾಗಿಯೇ ಮಿಂಚುತ್ತದೆ. ನೇಕಾರರ ಊರಿನಲ್ಲಿ ಇದನ್ನು ಹಣ ಕೊಟ್ಟು ಕೊಳ್ಳುವ ಅಗತ್ಯವೇ ಇಲ್ಲ.

ಪಾಲಿಯೆಸ್ಟರಿಗೆ ಲೋಹ ಲೇಪಿಸುವುದು ಗಾಳಿ ತೆಗೆದ ದೊಡ್ಡ ಕೋಣೆಯಲ್ಲಿ. ಅಲ್ಯುಮಿನಿಯಮ್ಮನ್ನು ಕಾಯಿಸಿ ಆವಿ ಮಾಡಿದರೆ, ತಡೆಯಲು ಗಾಳಿಯಿಲ್ಲದ್ದರಿಂದ ಆವಿ ನೇರವಾಗಿ ಹೋಗಿ ಹಾಳೆಯ ಮೇಲೆ ಕೂರುತ್ತದೆ. ಚಿಪ್ಸ್ ಪೊಟ್ಟಣದ ಒಳಗಿನ ಬೆಳ್ಳಿಯೂ ಹೀಗೆ ಬಂದದ್ದು. ಹಾಳೆಗೆ ಮೊದಲೇ ಅತಿಸೂಕ್ಷ್ಮ ಗೆರೆಗಳನ್ನು ಒತ್ತಿದ್ದರೆ ಬೆಳಕು ಚೆದುರಿ ಏಳು ಬಣ್ಣವಾಗುತ್ತದೆ. ಅಂಗಡಿಯಲ್ಲಿ ಹೊಲೊಗ್ರಾಮ್ ಎಂದು ಮಾರುವ ಲೂರುಗಳ ಮಿರುಗು ಇದೇ. ಪ್ಲಾಸ್ಟಿಕ್ ಲೂರಿಗೆ ಕ್ರೋಮ್ ಹಿಡಿಸುವುದು ಬೇರೆಯೇ ವಿದ್ಯೆ. ಬೆಂಗಳೂರಿನ ಪೀಣ್ಯದಲ್ಲಿ ಇರುವಂಥ ಲೇಪನ ಕಾರ್ಖಾನೆಗಳ ಕೆಲಸ ಅದು. ಅಲ್ಲಿ ಬಳಸುವ ಕ್ರೋಮಿಯಮ್ ದ್ರಾವಣ ಕ್ಯಾನ್ಸರ್ ತರುವಷ್ಟು ವಿಷ. ಮನೆಯ ಹಿತ್ತಲಲ್ಲಿ ಯಾರೂ ಅದನ್ನು ಪ್ರಯತ್ನಿಸಬಾರದು.

ಬಣ್ಣದ ಡಬ್ಬಿಯೊಳಗಿನ ಮುತ್ತಿನ ಹೊಳಪಿಗೂ ಮೀನಿಗೂ ಹಳೆಯ ಸಂಬಂಧವಿದೆ. ಹದಿನೇಳನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಜಪಮಾಲೆ ತಯಾರಕ ಜಾಕಾನ್ ಎಂಬಾತ ಹೊಳೆಯ ಸಣ್ಣ ಮೀನಿನ ಹುರುಪೆ ತೊಳೆದ ನೀರಿನಲ್ಲಿ ಹೊಳೆಯುವ ಪುಡಿ ಉಳಿಯುವುದನ್ನು ಕಂಡು, ಅದನ್ನು ಗಾಜಿನ ಮಣಿಗಳೊಳಗೆ ಬಳಿದು ಹುಸಿ ಮುತ್ತು ಮಾಡಿದ. ಆ ಪುಡಿ ಗ್ವಾನಿನ್ ಹರಳೇ. ಬಹುಕಾಲ ಲೂರಿನ ಬಣ್ಣಕ್ಕೂ ಉಗುರುಬಣ್ಣಕ್ಕೂ ಅದನ್ನೇ ಬೆರೆಸುತ್ತಿದ್ದರು. ಮೀನಿನ ಹೊಳಪನ್ನು ಕದ್ದು ಮರದ ಮೀನಿಗೆ ಹಚ್ಚುವುದು ಅಂದರೆ ಇದು. ಈಗ ಆ ಜಾಗಕ್ಕೆ ಅಭ್ರಕ ಬಂದಿದೆ. ಅಭ್ರಕದ ತೆಳ್ಳನೆ ಚೂರುಗಳ ಮೇಲೆ ಟೈಟಾನಿಯಮ್ ಡೈಆಕ್ಸೈಡಿನ ಪದರ ಕೂರಿಸುತ್ತಾರೆ. ಪದರದ ದಪ್ಪ ಬದಲಿಸಿದರೆ ಬೆಳ್ಳಿ, ಬಂಗಾರ, ನೀಲಿ, ಯಾವುದು ಬೇಕೋ ಅದು. ಪೆನ್ನಾ ನದಿ ಸಮುದ್ರ ಸೇರುವ ನೆಲ್ಲೂರು ಸೀಮೆಯ ಗೂಡೂರಿನ ಸುತ್ತ ಬ್ರಿಟಿಷರ ಕಾಲದಿಂದ ಅಭ್ರಕದ ಗಣಿಗಳಿವೆ. ಪದರದ ದಪ್ಪದಿಂದ ಬಣ್ಣ ಹುಟ್ಟಿಸುವ ಮೀನಿನ ವಿದ್ಯೆಯನ್ನು ಮನುಷ್ಯ ಕಲ್ಲಿನಲ್ಲಿ ಮತ್ತೆ ಕಟ್ಟಿದ್ದಾನೆ.

ಇಷ್ಟೆಲ್ಲ ಮಾಡಿ ನೀರಿಗಿಳಿಯುವ ಮುಂಚೆ ಎರಡು ಮಾತು. ಸೀಮೆಯ ಬಹುತೇಕ ಕೆರೆಗಳಲ್ಲಿ ಮೀನಿನ ಹಕ್ಕು ಬೆಸ್ತರ ಸಹಕಾರ ಸಂಘಗಳದ್ದೋ ಗುತ್ತಿಗೆದಾರರದ್ದೋ ಆಗಿರುತ್ತದೆ. ಮರಿ ಬಿತ್ತಿ, ಕಾವಲು ಕಾದು ಬದುಕುವವರು ಅವರು. ಕೇಳದೆ ಗಾಳ ಹಾಕುವುದು ಅವರ ಅನ್ನಕ್ಕೆ ಕೈಹಾಕಿದಂತೆ. ಕರ್ನಾಟಕದ ಕಡೆ ಕಾವೇರಿ ವನ್ಯಜೀವಿಧಾಮದಲ್ಲಿ ಭೀಮೇಶ್ವರಿ, ಗಾಳಿಬೋರೆಯ ಹೆಸರಾಂತ ಗಾಳ ಶಿಬಿರಗಳು ಮಹಶೀರ್ ಹಿಡಿದು ಬಿಡುವುದನ್ನು 2010ರ ದಶಕದ ಆರಂಭದಲ್ಲಿ ನಿಲ್ಲಿಸಬೇಕಾಯಿತು. ಅಭಯಾರಣ್ಯದೊಳಗೆ ಮೀನೂ ವನ್ಯಜೀವಿಯೇ. ಎರಡನೆಯದು, ಗಾಳದ ಮುಳ್ಳು. ಮೂರು ಕೊಕ್ಕೆಯ ಗಾಳದ ಮುಳ್ಳುಗಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿದರೆ ಸಣ್ಣ ಮೀನನ್ನು ಗಾಯ ಮಾಡದೆ ನೀರಿಗೆ ಬಿಡಬಹುದು. ತುಂಡಾದ ದಾರವನ್ನು ದಂಡೆಯಲ್ಲಿ ಬಿಟ್ಟುಬಂದರೆ ಅದಕ್ಕೆ ಸಿಲುಕುವುದು ಕೊಕ್ಕರೆಯ ಕಾಲು.

ಲೇಪ ಆಯ್ದುಕೊಳ್ಳಲು ಯಾವ ಉಪಕರಣವೂ ಬೇಡ. ಬೆಳ್ಳಿ ಬೇಗಡೆಯದು, ತಾಮ್ರದ್ದು, ಹಳದಿ ಫ್ಲೋರೊಸೆಂಟ್ ಬಣ್ಣದ್ದು ಹೀಗೆ ಮೂರು ಲೂರುಗಳ ಗಾಳ ಬಿಚ್ಚಿ, ಒಂದೊಂದನ್ನೂ ಗಂಟು ಹಾಕಿದ ದಾರಕ್ಕೆ ಕಟ್ಟಿ, ಕೆರೆಯ ತೂಬಿನ ಕಟ್ಟೆಯ ಮೇಲೆ ಕೂತು ಮೆಲ್ಲಗೆ ಇಳಿಬಿಡಬೇಕು. ಯಾವುದು ಎಷ್ಟನೆಯ ಗಂಟಿಗೆ ಕಣ್ಮರೆಯಾಯಿತು ಎಂದು ನೋಡಬೇಕು. ಬೆಳಗಿನ ಓರೆಬಿಸಿಲಲ್ಲಿ ಒಮ್ಮೆ, ಮೋಡ ಕವಿದಾಗ ಇನ್ನೊಮ್ಮೆ, ಮಳೆ ಬಂದು ಕೆಂಪು ನೀರು ಹರಿದ ಮೇಲೆ ಮತ್ತೊಮ್ಮೆ. ಒಂದೇ ಕೆರೆಯಲ್ಲಿ ಮೂರು ಹೊತ್ತಿಗೆ ಮೂರು ಬೇರೆ ಉತ್ತರ ಬಂದರೂ ಬರಬಹುದು.